ಬಾಕಿ ವಾಡಿಕೆಯಾಗುವ ಮುನ್ನ

ತೆರಿಗೆ ಆದೇಶ ಕೈಗೆ ಬಂದಾಗ ಎಲ್ಲರೂ ಮೊದಲು ಮೊತ್ತ ನೋಡುತ್ತಾರೆ. ದಿನಾಂಕವನ್ನು ಯಾರೂ ಗಮನಿಸುವುದಿಲ್ಲ. ಜಿಎಸ್‌ಟಿಯ ಮೊದಲ ಮೂರು ವರ್ಷಗಳ ಲೆಕ್ಕಗಳನ್ನೇ ನೋಡಿ. ವಂಚನೆಯ ಆರೋಪವಿಲ್ಲದ ಸಾಮಾನ್ಯ ಪ್ರಕರಣಗಳಲ್ಲಿ ಆದೇಶ ಹೊರಡಿಸುವ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2017–18ರ ಲೆಕ್ಕಕ್ಕೆ 2023ರ ಡಿಸೆಂಬರ್ 31, 2018–19ಕ್ಕೆ 2024ರ ಏಪ್ರಿಲ್ 30, 2019–20ಕ್ಕೆ 2024ರ ಆಗಸ್ಟ್ 31 ಎಂದು ನಿಂತಿತು. ಮೂರು ವರ್ಷಗಳ ವ್ಯವಹಾರದ ತೀರ್ಮಾನ ಎಂಟು ತಿಂಗಳ ಅಂತರದಲ್ಲಿ ಬಂದು ಒಟ್ಟಿತು. ಗಡುವು ಹತ್ತಿರವಾದಾಗ ಕಚೇರಿಗಳಲ್ಲಿ ಏನಾಗುತ್ತದೆ ಎಂಬುದು ಲೆಕ್ಕ ಪರಿಶೋಧಕರಿಗೂ ತೆರಿಗೆ ಸಲಹೆಗಾರರಿಗೂ ಚೆನ್ನಾಗಿ ಗೊತ್ತು. ವ್ಯಾಪಾರಿ ಕೊಟ್ಟ ಉತ್ತರವನ್ನು ಕೂತು ಓದುವ ಪುರಸತ್ತು ಅಧಿಕಾರಿಗೆ ಇರುವುದಿಲ್ಲ. ನೋಟಿಸಿನಲ್ಲಿದ್ದ ಮೊತ್ತವೇ ಆದೇಶಕ್ಕೆ ಇಳಿಯುತ್ತದೆ. ಯಾರಾದರೂ ಕೇಳಿದರೆ ಸಿಗುವ ಉತ್ತರ ಒಂದೇ: ‘ಅಪೀಲಿಗೆ ಹೋಗಿ.’ ಹೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಮೇಲೆ ಇನ್ನೊಬ್ಬರು ಕೂತಿದ್ದಾರೆ, ತಪ್ಪಿದ್ದರೆ ಅವರು ತಿದ್ದುತ್ತಾರೆ ಎಂಬ ನಂಬಿಕೆ ಅದು. ಮೇಲೆ ಕೂತವರ ಮೇಜಿನ ಸ್ಥಿತಿ ಹೇಗಿದೆ ಎಂದು ಕೆಳಗಿನವರು ನೋಡಿಲ್ಲ ಎಂಬುದೇ ಆತಂಕದ ಸಂಗತಿ.

ಆದಾಯ ತೆರಿಗೆ ಇಲಾಖೆಯಲ್ಲಿ ಆ ಮೇಜಿನ ಸ್ಥಿತಿ ಈಗ ಎಲ್ಲರಿಗೂ ಕಾಣುವಂತಿದೆ. ಮೊದಲ ಹಂತದ ಮೇಲ್ಮನವಿ ಆಯುಕ್ತರ ಮುಂದೆ ಇತ್ತೀಚಿನ ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಾಕಿ ಉಳಿದಿವೆ. ಮೇಲ್ಮನವಿ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂದು ವರ್ಷದೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು ಎಂದು 1961ರ ಕಾಯ್ದೆ ಹೇಳಿತ್ತು. ಅದು ಆಜ್ಞೆಯಲ್ಲ, ಆಶಯ. ಆಶಯವನ್ನು ಮೀರಿದವರನ್ನು ಕೇಳುವವರಿಲ್ಲ. ಈ ರಾಶಿ ಒಂದೇ ದಿನದಲ್ಲಿ ಬಿದ್ದದ್ದೂ ಅಲ್ಲ. 2016ರ ನೋಟು ರದ್ದತಿಯ ದಿನಗಳಲ್ಲಿ ಬ್ಯಾಂಕಿಗೆ ಕಟ್ಟಿದ ನಗದಿನ ಬಗ್ಗೆ ತನಿಖೆ ನಡೆದು, 2019ರ ಡಿಸೆಂಬರ್ ಗಡುವಿನೊಳಗೆ ದೇಶದಾದ್ಯಂತ ಆದೇಶಗಳು ಹೊರಬಿದ್ದವು. ಮೂಲ ವಿವರಿಸಲಾಗದ ಹಣವೆಂದು ತೀರ್ಮಾನವಾದರೆ ಅದರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ ಶೇ 77ಕ್ಕೂ ಹೆಚ್ಚು ತೆರಿಗೆ ಬೀಳುತ್ತಿತ್ತು. ಅಷ್ಟು ದೊಡ್ಡ ಹೊರೆ ಬಿದ್ದವರು ಮೇಲ್ಮನವಿಗೆ ಹೋಗದೆ ಇರುತ್ತಾರೆಯೇ? ಆ ಅರ್ಜಿಗಳು ಬಂದು ಸೇರುತ್ತಿದ್ದ ಹೊತ್ತಿಗೇ ಕೊರೊನಾ ಬಂತು. 2020ರ ಸೆಪ್ಟೆಂಬರ್ 25ರಂದು ಮುಖಾಮುಖಿಯಿಲ್ಲದ ಮೇಲ್ಮನವಿ ವ್ಯವಸ್ಥೆಯೂ ಬಂತು. ಕಡತಗಳು ಊರೂರಿನ ಆಯುಕ್ತರಿಂದ ದೆಹಲಿಯ ರಾಷ್ಟ್ರೀಯ ಕೇಂದ್ರದ ಮೂಲಕ ಮರುಹಂಚಿಕೆಯಾದವು. ಮರುವರ್ಷ ಡಿಸೆಂಬರ್‌ನಲ್ಲಿ ಯೋಜನೆಯನ್ನೇ ತಿದ್ದಿ ಹೊಸದಾಗಿ ಹೊರಡಿಸಬೇಕಾಯಿತು. ಈ ನಡುವೆ ವಿಲೇವಾರಿ ಕುಂಟಿತು, ಬರುವ ಅರ್ಜಿ ನಿಲ್ಲಲಿಲ್ಲ.

ಸರ್ಕಾರ ಕೈಕಟ್ಟಿ ಕೂತಿತ್ತು ಎನ್ನುವುದು ಅನ್ಯಾಯದ ಮಾತಾದೀತು. 2023ರ ಬಜೆಟ್ಟಿನಲ್ಲಿ ಸಣ್ಣ ಮೇಲ್ಮನವಿಗಳಿಗೆಂದೇ ನೂರು ಮಂದಿ ಜಂಟಿ ಆಯುಕ್ತರ ನೇಮಕ ಘೋಷಣೆಯಾಯಿತು. 2024ರಲ್ಲಿ ಇನ್ನಷ್ಟು ಅಧಿಕಾರಿಗಳನ್ನು ತೊಡಗಿಸುವ ಮಾತು ಬಂತು. ಇಲಾಖೆ ತಾನೇ ನ್ಯಾಯಮಂಡಳಿಗೆ ಹೋಗುವ ಮೊತ್ತದ ಮಿತಿಯನ್ನು 60 ಲಕ್ಷ ರೂಪಾಯಿಗೆ, ಹೈಕೋರ್ಟಿಗೆ 2 ಕೋಟಿಗೆ, ಸುಪ್ರೀಂ ಕೋರ್ಟಿಗೆ 5 ಕೋಟಿಗೆ ಏರಿಸಿತು. ಎಲ್ಲವೂ ಸರಿಯಾದ ಹೆಜ್ಜೆಗಳೇ. ಆದರೆ ರಾಶಿ ಬಿದ್ದ ಮೇಲೆ ಇಟ್ಟ ಹೆಜ್ಜೆಗಳು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು ಎಂದು ಹಿರಿಯರು ಹೇಳುತ್ತಿದ್ದುದು ಇಂಥ ಸಂದರ್ಭಕ್ಕೇ. ಒಂದು ಇಲಾಖೆಯಲ್ಲಿ ಆದದ್ದನ್ನು ನೋಡಿ ಇನ್ನೊಂದು ಇಲಾಖೆ ಮೊದಲೇ ಎಚ್ಚೆತ್ತುಕೊಳ್ಳಬಹುದಿತ್ತು. ಜಿಎಸ್‌ಟಿಯ ಹಾದಿಯಲ್ಲಿ ಈಗ ಕಾಣುತ್ತಿರುವ ಗುರುತುಗಳು ಅಂಥ ಎಚ್ಚರವನ್ನು ತೋರಿಸುತ್ತಿಲ್ಲ.

ಬಾಕಿ ಎಂದರೆ ಕಚೇರಿಯೊಳಗಿನ ಅಂಕಿ ಎಂದು ಭಾವಿಸುವವರು ಒಂದು ಸರಳ ಲೆಕ್ಕ ಹಾಕಿ ನೋಡಲಿ. ಒಬ್ಬ ವ್ಯಾಪಾರಿಯ ಮೇಲೆ 10 ಲಕ್ಷ ರೂಪಾಯಿಯ ಆದಾಯ ತೆರಿಗೆ ಡಿಮ್ಯಾಂಡ್ ಬಿತ್ತು ಎಂದುಕೊಳ್ಳಿ. 2017ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಸಾಮಾನ್ಯವಾಗಿ ಶೇ 20, ಅಂದರೆ 2 ಲಕ್ಷ ಕಟ್ಟಿದರೆ ಮೇಲ್ಮನವಿ ಮುಗಿಯುವ ತನಕ ಉಳಿದ ವಸೂಲಿಗೆ ತಡೆ ಸಿಗುತ್ತದೆ. ವಸೂಲಿಗೆ ತಡೆಯೇ ಹೊರತು ಬಡ್ಡಿಗಲ್ಲ. ಉಳಿದ 8 ಲಕ್ಷದ ಮೇಲೆ ತಿಂಗಳಿಗೆ ಶೇ 1ರಂತೆ ಬಡ್ಡಿ ಏರುತ್ತಲೇ ಹೋಗುತ್ತದೆ. ನಾಲ್ಕು ವರ್ಷ ಕಡತ ಕದಲದಿದ್ದರೆ ಸೋತವನು 3.84 ಲಕ್ಷ ರೂಪಾಯಿ ಹೆಚ್ಚುವರಿ ತೆರಬೇಕು. ಗೆದ್ದರೆ? ಕಟ್ಟಿದ 2 ಲಕ್ಷಕ್ಕೆ ತಿಂಗಳಿಗೆ ಅರ್ಧ ಶೇಕಡದಂತೆ 48,000 ರೂಪಾಯಿ ಬಡ್ಡಿ ಸಿಗುತ್ತದೆ. ತಡ ಮಾಡಿದ್ದು ಇಲಾಖೆ, ತಡದ ಬೆಲೆ ತೆರುವುದು ತೆರಿಗೆದಾರ. ಆ ನಾಲ್ಕು ವರ್ಷಗಳಲ್ಲಿ ಆತನಿಗೆ ಬೇರೆ ವರ್ಷದ ಮರುಪಾವತಿ ಬರಬೇಕಿದ್ದರೆ ಅದನ್ನು ಹಳೆಯ ಡಿಮ್ಯಾಂಡಿಗೆ ಹೊಂದಿಸಿಕೊಳ್ಳುವ ಅಧಿಕಾರವೂ ಇಲಾಖೆಗಿದೆ. ಸಾಲ ಕೇಳಲು ಬ್ಯಾಂಕಿಗೆ ಹೋದಾಗ, ಪಾಲುದಾರರೊಡನೆ ಲೆಕ್ಕ ಮುಗಿಸುವಾಗ, ತಂದೆ ತೀರಿಕೊಂಡು ಮಗ ಅಂಗಡಿ ವಹಿಸಿಕೊಂಡಾಗ, ಇತ್ಯರ್ಥವಾಗದ ಆ 10 ಲಕ್ಷ ಎಲ್ಲ ಕಡೆಯೂ ಎದುರು ನಿಲ್ಲುತ್ತದೆ.

ನಮ್ಮ ರಾಜ್ಯದ ಸಹಕಾರ ಸಂಘಗಳ ಕಥೆ ಇನ್ನೂ ಹೆಚ್ಚು ಹೇಳುತ್ತದೆ. ಸದಸ್ಯರಿಗೆ ಸಾಲ ಕೊಡುವ ಸಂಘದ ಆದಾಯಕ್ಕೆ 1961ರ ಕಾಯ್ದೆಯ 80-ಪಿ ಕಲಮಿನಡಿ ವಿನಾಯಿತಿ ಇದೆ. ಸಂಘ ತನ್ನಲ್ಲಿ ಮಿಕ್ಕ ಹಣವನ್ನು ಠೇವಣಿಯಿಟ್ಟು ಗಳಿಸಿದ ಬಡ್ಡಿಗೂ ಅದು ಸಲ್ಲುತ್ತದೆಯೇ ಎಂಬುದು ವರ್ಷಗಳಿಂದ ನಡೆಯುತ್ತಿರುವ ವಿವಾದ. ಶಿರಸಿಯ ತೋಟಗಾರ್ಸ್ ಕೋಆಪರೇಟಿವ್ ಸೇಲ್ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತು. ಅದೇ ಸಂಘದ ಬೇರೆ ವರ್ಷಗಳ ಲೆಕ್ಕ 2017ರಲ್ಲಿ ಮತ್ತೆ ಕರ್ನಾಟಕ ಹೈಕೋರ್ಟಿನ ಮುಂದಿತ್ತು. ಕೇರಳದ ಮಾವಿಲಾಯಿ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 80-ಪಿಯ ಇನ್ನೊಂದು ಮಗ್ಗುಲನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿತು. ಹೀಗೆ ಒಂದೇ ಬಗೆಯ ಪ್ರಶ್ನೆ ಸಂಘ ಸಂಘಕ್ಕೆ, ವರ್ಷ ವರ್ಷಕ್ಕೆ ಬೇರೆ ಬೇರೆ ಕಡತವಾಗಿ ಬೆಳೆಯುತ್ತದೆ. ಹಳ್ಳಿಯ ಸಂಘದ ಕಾರ್ಯದರ್ಶಿ ಪ್ರತಿ ವರ್ಷ ಅದೇ ವಾದವನ್ನು, ಅದೇ ಕಾಗದಗಳನ್ನು, ಹೊಸ ಅರ್ಜಿಯೊಂದಿಗೆ ಸಲ್ಲಿಸುತ್ತಾರೆ. ಪ್ರಶ್ನೆ ಒಂದೇ ಆಗಿದ್ದರೂ ಉತ್ತರ ಒಟ್ಟಿಗೆ ಸಿಗುವುದಿಲ್ಲ. ಐದು ಲಕ್ಷ ಕಡತಗಳೆಂದರೆ ಐದು ಲಕ್ಷ ಪ್ರಶ್ನೆಗಳಲ್ಲ ಎಂಬುದನ್ನು ಇಲಾಖೆ ಗಂಭೀರವಾಗಿ ತೆಗೆದುಕೊಂಡಿದ್ದರೆ ರಾಶಿಯ ಎತ್ತರ ಇಷ್ಟಿರುತ್ತಿರಲಿಲ್ಲ.

ಖಜಾನೆಗಾದರೂ ಇದರಿಂದ ಲಾಭವಿದೆಯೇ? ಇಲ್ಲ. ಕೆರೆಯಲ್ಲಿ ಹೂಳು ತುಂಬುವಾಗ ನೀರಿನ ಮಟ್ಟ ಇಳಿದಂತೆ ಕಾಣುವುದಿಲ್ಲ. ಏರಿ ತನಕ ನೀರು ನಿಂತಿರುವುದನ್ನು ನೋಡಿ ಊರಿನವರು ನೆಮ್ಮದಿಯಿಂದಿರುತ್ತಾರೆ, ಬೇಸಿಗೆಯಲ್ಲಿ ತೂಬು ಎತ್ತಿದಾಗಲೇ ಎಷ್ಟು ನೀರಿತ್ತು ಎಂಬುದು ತಿಳಿಯುವುದು. ತೆರಿಗೆ ಬಾಕಿಯ ಲೆಕ್ಕವೂ ಹಾಗೆಯೇ. ಪುಸ್ತಕದಲ್ಲಿ ಲಕ್ಷಾಂತರ ಕೋಟಿ ಬರಬೇಕೆಂದು ಬರೆದಿದೆ. ಅದರಲ್ಲಿ ಶೇ 90ಕ್ಕೂ ಹೆಚ್ಚು ಪಾಲನ್ನು ವಸೂಲಿ ಮಾಡುವುದು ಕಷ್ಟವೆಂದು ಇಲಾಖೆಯೇ ಒಪ್ಪಿರುವುದನ್ನು ಮಹಾಲೇಖಪಾಲರ ವರದಿಗಳು ದಾಖಲಿಸಿವೆ. 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹಳೆಯ ಸಣ್ಣ ಡಿಮ್ಯಾಂಡುಗಳನ್ನು ಕೈಬಿಡುವುದಾಗಿ ಘೋಷಿಸಿದರು. 2009–10ರವರೆಗಿನ 25,000 ರೂಪಾಯಿವರೆಗಿನವು, ಅಲ್ಲಿಂದ 2014–15ರವರೆಗಿನ 10,000 ರೂಪಾಯಿವರೆಗಿನವು. ಸುಮಾರು ಒಂದು ಕೋಟಿ ತೆರಿಗೆದಾರರಿಗೆ ಅನುಕೂಲ ಎಂದರು. ಕೆಲವು ಡಿಮ್ಯಾಂಡುಗಳು 1962ರಷ್ಟು ಹಳೆಯವು ಎಂದರು. 1962! ಒಂದು ತಲೆಮಾರು ಹುಟ್ಟಿ, ದುಡಿದು, ನಿವೃತ್ತಿಯಾಗುವಷ್ಟು ಕಾಲ ಯಾರೂ ಪರಿಶೀಲಿಸದ, ಯಾರೂ ಅಳಿಸದ ಬಾಕಿ ಸರ್ಕಾರದ ಪುಸ್ತಕದಲ್ಲಿ ಉಳಿದಿತ್ತು. ಕೈಬಿಟ್ಟದ್ದು ಒಳ್ಳೆಯದೇ. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ ಎಂಬುದು ನಿದ್ದೆಗೆಡಿಸಬೇಕಾದ ಸಂಗತಿ.

ಈಗ ಜಿಎಸ್‌ಟಿಯ ಗುರುತುಗಳನ್ನು ನೋಡೋಣ. ಮೊದಲನೆಯದು ನೋಟಿಸ್ ತಲುಪುವ ಬಗೆ. ಪೋರ್ಟಲಿನಲ್ಲಿ ‘ಹೆಚ್ಚುವರಿ ನೋಟಿಸ್’ ಎಂಬ ಮೂಲೆಯಲ್ಲಿ ಹಾಕಿದ್ದನ್ನು ವ್ಯಾಪಾರಿ ನೋಡಿಯೇ ಇರುವುದಿಲ್ಲ. ಉತ್ತರ ಬಾರದ್ದರಿಂದ ಏಕಪಕ್ಷೀಯ ಆದೇಶ ಹೊರಡುತ್ತದೆ. ಬ್ಯಾಂಕ್ ಖಾತೆ ಸ್ತಬ್ಧವಾದಾಗಲೇ ಎಷ್ಟೋ ಮಂದಿಗೆ ವಿಷಯ ತಿಳಿಯುವುದು. ಅಷ್ಟರಲ್ಲಿ ಮೇಲ್ಮನವಿಯ ಮೂರು ತಿಂಗಳೂ, ಅದರ ಮೇಲೆ ಮನ್ನಿಸಬಹುದಾದ ಒಂದು ತಿಂಗಳೂ ಕಳೆದಿರುತ್ತವೆ. ಆಮೇಲೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಹೈಕೋರ್ಟುಗಳು ಇಂಥ ಆದೇಶಗಳನ್ನು ಮತ್ತೆ ಮತ್ತೆ ರದ್ದುಮಾಡಿ ಮೊದಲ ಮೇಜಿಗೇ ಮರಳಿಸಿವೆ. ಅಲ್ಲಿಗೆ ಕೆಲಸ ಎರಡು ಬಾರಿ ಆಯಿತು, ತೀರ್ಮಾನ ಒಂದು ಬಾರಿಯೂ ಆಗಲಿಲ್ಲ.

ಎರಡನೆಯದು ನ್ಯಾಯಮಂಡಳಿ. ಜಿಎಸ್‌ಟಿ 2017ರ ಜುಲೈ 1ರಂದು ಬಂತು. ಅದರ ಮೇಲ್ಮನವಿ ನ್ಯಾಯಮಂಡಳಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 24ರಂದು. ಮಂಡಳಿಯ ರಚನೆಯನ್ನು ಮದ್ರಾಸ್ ಹೈಕೋರ್ಟ್ 2019ರಲ್ಲೇ ಒಪ್ಪಲಿಲ್ಲ. ಕಾನೂನು ತಿದ್ದಲು 2023ರ ತನಕ ಬೇಕಾಯಿತು. ಎಂಟು ವರ್ಷ ಎರಡನೆಯ ಮೆಟ್ಟಿಲೇ ಇಲ್ಲದ ಏಣಿಯನ್ನು ಹತ್ತಿ ಎಂದು ದೇಶದ ವ್ಯಾಪಾರಿಗಳಿಗೆ ಹೇಳಲಾಯಿತು. ಹಳೆಯ ಆದೇಶಗಳ ಮೇಲೆ ಅರ್ಜಿ ಹಾಕಲು 2026ರ ಜೂನ್ 30 ಎಂಬ ಗಡುವು ನಿಗದಿಯಾಯಿತು. 45 ಸ್ಥಳಗಳಲ್ಲಿ 31 ರಾಜ್ಯ ಪೀಠಗಳು ಎಂಬುದು ಏರ್ಪಾಡು. ಎಂಟು ವರ್ಷದ ಹೊರೆ ಹೊತ್ತೇ ಹುಟ್ಟಿದ ಸಂಸ್ಥೆ ಇದು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 1941ರಲ್ಲಿ ಆರಂಭವಾದಾಗ ಅದಕ್ಕೆ ಇಂಥ ಹೊರೆ ಇರಲಿಲ್ಲ.

ಮೂರನೆಯದು ನಮ್ಮ ಬೀದಿಯಲ್ಲೇ ಕಂಡದ್ದು. 2025ರ ಜುಲೈನಲ್ಲಿ ಯುಪಿಐ ಹಣ ಸ್ವೀಕೃತಿಯ ಮಾಹಿತಿಯ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ತರಕಾರಿ, ಹಾಲು ಮುಂತಾದ ವಿನಾಯಿತಿ ಪಡೆದ ಸರಕು ಮಾರುವವರೂ ಅದರಲ್ಲಿದ್ದರು. ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಕೆಳಗಿಳಿದವು. ಕೊನೆಗೆ ಮುಖ್ಯಮಂತ್ರಿಯವರೇ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು. ಗದ್ದಲವಾದ್ದರಿಂದ ಅದು ಅಲ್ಲಿಗೆ ತಣ್ಣಗಾಯಿತು. ಗದ್ದಲವಾಗದಿದ್ದರೆ ಅವೇ ನೋಟಿಸುಗಳು ಆದೇಶಗಳಾಗಿ, ಆದೇಶಗಳು ಮೇಲ್ಮನವಿಗಳಾಗಿ ಇಷ್ಟರಲ್ಲಿ ಕಪಾಟು ಸೇರಿರುತ್ತಿದ್ದವು. ಮೊದಲೇ ಅಂಗಡಿಗೆ ಹೋಗಿ ಏನು ಮಾರುತ್ತೀರಿ ಎಂದು ಕೇಳಿದ್ದರೆ ಸಾಕಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಿರಲಿಲ್ಲ.

ಈ ಯಾವ ಗುರುತೂ ಗುಟ್ಟಾಗಿಲ್ಲ. ಆದರೂ ಕೇಳಿಬರುವುದು ಸಮಾಧಾನದ ಮಾತೇ.

‘ಸಂಗ್ರಹ ವರ್ಷ ವರ್ಷ ಏರುತ್ತಿದೆಯಲ್ಲ’ ಎನ್ನುತ್ತಾರೆ. ಏರುತ್ತಿರುವುದು ವಿವಾದವಿಲ್ಲದೆ ಕಟ್ಟಿದ ತೆರಿಗೆ. ವಿವಾದದಲ್ಲಿ ಸಿಕ್ಕಿದ ಹಣದ ಆರೋಗ್ಯವನ್ನು ಅದು ಹೇಳುವುದಿಲ್ಲ. 2017–18ರ ಆರ್ಥಿಕ ಸಮೀಕ್ಷೆಯ ಪ್ರಕಾರ ನೇರ ತೆರಿಗೆಯಲ್ಲಿ ನ್ಯಾಯಮಂಡಳಿ, ಹೈಕೋರ್ಟ್, ಸುಪ್ರೀಂ ಕೋರ್ಟ್ ಮೂರೂ ಹಂತಗಳಲ್ಲಿ ಇಲಾಖೆಯ ಗೆಲುವು ಶೇ 30ಕ್ಕಿಂತ ಕಡಿಮೆ. ಸೋಲುವ ಪ್ರಕರಣವನ್ನು ತಡವಾಗಿ ಸೋತರೆ ಖಜಾನೆ ಬಡ್ಡಿಯನ್ನೂ ಸೇರಿಸಿ ಕೊಡಬೇಕು.

‘ಎಲ್ಲ ಕಂಪ್ಯೂಟರಿಗೆ ಬಂದಿದೆ’ ಎನ್ನುತ್ತಾರೆ. ಕಂಪ್ಯೂಟರ್ ಕಡತವನ್ನು ಸಾಗಿಸುತ್ತದೆ, ತೀರ್ಮಾನಿಸುವುದಿಲ್ಲ. ತೀರ್ಮಾನಕ್ಕೆ ಓದುವ ಮನುಷ್ಯ ಬೇಕು, ಓದಲು ಅವನಿಗೆ ಹೊತ್ತು ಬೇಕು. ಮುಖಾಮುಖಿಯಿಲ್ಲದ ವ್ಯವಸ್ಥೆ ಲಂಚದ ಬಾಗಿಲು ಮುಚ್ಚಲು ಬಂದದ್ದು, ಆ ಉದ್ದೇಶ ಒಳ್ಳೆಯದು. ಅದು ಕೇಳುವ ಕಿವಿಯನ್ನೂ ಮುಚ್ಚದಂತೆ ನೋಡಿಕೊಳ್ಳಬೇಕು.

‘ಯಾವುದಾದರೂ ಸಮಾಧಾನ ಯೋಜನೆ ಬಂದೇ ಬರುತ್ತದೆ’ ಎನ್ನುತ್ತಾರೆ. ಎಲ್ಲಕ್ಕಿಂತ ಅಪಾಯದ ಮಾತು ಇದು. 1998ರಲ್ಲಿ ಕರ ವಿವಾದ ಸಮಾಧಾನ ಬಂತು. 2019ರಲ್ಲಿ ಸಬ್ಕಾ ವಿಶ್ವಾಸ್, 2020ರಲ್ಲಿ ವಿವಾದ್ ಸೆ ವಿಶ್ವಾಸ್, 2024ರಲ್ಲಿ ಅದರ ಎರಡನೆಯ ಕಂತು. ನಮ್ಮಲ್ಲಿ ಕರಸಮಾಧಾನ ಹಲವು ಬಾರಿ ಬಂದುಹೋಯಿತು. ಜಿಎಸ್‌ಟಿಯಲ್ಲೂ ಮೊದಲ ಮೂರು ವರ್ಷಗಳ ಬಡ್ಡಿ, ದಂಡ ಮನ್ನಾ ಆಗಲೇ ನಡೆದಿದೆ. ತೆರಿಗೆಯನ್ನು 2025ರ ಮಾರ್ಚ್ 31ರೊಳಗೆ ಕಟ್ಟಿ, ಮೇಲ್ಮನವಿ ಹಿಂಪಡೆದವರಿಗೆ. ಪ್ರತಿ ಯೋಜನೆಯೂ ‘ಇದೊಂದು ಸಲ’ ಎಂದೇ ಬಂದದ್ದು. ಪ್ರತಿ ಸಲವೂ ಸಕಾಲಕ್ಕೆ ತೆತ್ತವರು ‘ಕೊಟ್ಟವನು ಕೋಡಂಗಿ’ ಎಂಬ ಗಾದೆಯನ್ನು ಮನಸ್ಸಿನಲ್ಲೇ ಹೇಳಿಕೊಂಡರು. ಗೆಲ್ಲಬಹುದಾಗಿದ್ದ ಎಷ್ಟೋ ಮಂದಿ ಕಾದು ಸೋತು, ಬಾರದ ತೆರಿಗೆಯನ್ನೂ ಕಟ್ಟಿ ಕೈತೊಳೆದುಕೊಂಡರು. ಪ್ರಾಮಾಣಿಕನಿಗೆ ಕಾಯುವುದನ್ನು, ಕಾಯಬಲ್ಲವನಿಗೆ ಕಟ್ಟದಿರುವುದನ್ನು ಕಲಿಸುವ ಪಾಠ ಇದು.

ಇಷ್ಟರಲ್ಲಿ ಇನ್ನೊಂದು ಸಣ್ಣ ಗುರುತು. ಅಧಿಕಾರಿ ತನ್ನ ವಿವೇಚನೆಯಿಂದ ಅಂದಾಜಿಸಿ ಕೊಟ್ಟ ಆದೇಶಗಳನ್ನು ರದ್ದುಮಾಡಿ ಮರಳಿಸುವ ಅಧಿಕಾರ 2024ರ ಅಕ್ಟೋಬರ್ 1ರಿಂದ ಆದಾಯ ತೆರಿಗೆಯ ಮೇಲ್ಮನವಿ ಆಯುಕ್ತರಿಗೆ ಬಂದಿದೆ. ಸರಿಯಾಗಿ ಬಳಸಿದರೆ ಉಪಯುಕ್ತ. ಸಂಖ್ಯೆಯ ಗುರಿ ಮುಟ್ಟಲು ಬಳಸಿದರೆ ಮೇಲಿನ ರಾಶಿ ಕರಗಿ ಕೆಳಗೆ ಏಳುತ್ತದೆ. ಮರಳಿಸಿದ್ದನ್ನು ವಿಲೇವಾರಿ ಎಂದು ಎಣಿಸಬಾರದು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಹಳೆಯ ವರ್ಷಗಳ ವಿವಾದಕ್ಕೆ ಹಳೆಯ ಕಾಯ್ದೆಯೇ. ಅದೇ ಅಧಿಕಾರಿಗಳು ಎರಡು ಕಾಯ್ದೆಗಳನ್ನು ವರ್ಷಗಟ್ಟಲೆ ಒಟ್ಟಿಗೆ ನಡೆಸಬೇಕು. ಹೊರೆ ಇಳಿಯುವ ಕಾಲವಲ್ಲ, ಏರುವ ಕಾಲ.

ಮಾಡಬೇಕಾದದ್ದು ದೊಡ್ಡದಲ್ಲ. ಒಂದೇ ಪ್ರಶ್ನೆಯ ಮೇಲ್ಮನವಿಗಳನ್ನು ಗುಂಪು ಮಾಡಿ, ಒಂದನ್ನು ಪೂರ್ಣವಾಗಿ ಕೇಳಿ, ಉಳಿದವನ್ನು ಅದರ ಬೆಳಕಿನಲ್ಲಿ ಮುಗಿಸಬೇಕು. ಸಹಕಾರ ಸಂಘಗಳಿಂದಲೇ ಶುರುಮಾಡಬಹುದು.

ಬಾಕಿಯ ಒಟ್ಟು ಸಂಖ್ಯೆಯಷ್ಟೇ ಅಲ್ಲ, ಅದರ ವಯಸ್ಸನ್ನೂ ಪ್ರತಿ ಮೂರು ತಿಂಗಳಿಗೆ ಪ್ರಕಟಿಸಬೇಕು: ಒಂದು ವರ್ಷ ಮೀರಿದ್ದು ಎಷ್ಟು, ಮೂರು ಮೀರಿದ್ದು ಎಷ್ಟು, ಐದು ಮೀರಿದ್ದು ಎಷ್ಟು. ಕೇಂದ್ರವೂ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯೂ.

ಮೇಲ್ಮನವಿಯಲ್ಲಿ ಬಿದ್ದುಹೋದ ಆದೇಶ ಅದನ್ನು ಬರೆದ ಕಚೇರಿಯ ಕಾರ್ಯಕ್ಷಮತೆಯ ಲೆಕ್ಕಕ್ಕೆ ಬರಬೇಕು. ಗಡುವಿನ ಕೊನೆಯ ವಾರದ ಆದೇಶಗಳನ್ನು ಹಿರಿಯರೊಬ್ಬರು ಪರಿಶೀಲಿಸಬೇಕು.

ನ್ಯಾಯಮಂಡಳಿಯ ಸದಸ್ಯ ನಿವೃತ್ತಿಯಾಗುವ ಮೊದಲೇ ಮುಂದಿನವರ ನೇಮಕ ಮುಗಿದಿರಬೇಕು. ಖಾಲಿ ಕುರ್ಚಿಯೂ ಬಾಕಿಯ ತಾಯಿಯೇ.

ಮತ್ತು ಒಂದು ತಿದ್ದುಪಡಿ. ತೆರಿಗೆದಾರನ ತಪ್ಪಿಲ್ಲದೆ ಮೇಲ್ಮನವಿ ಒಂದು ವರ್ಷ ಮೀರಿದರೆ, ಅಂದಿನಿಂದ ವಿವಾದಿತ ಮೊತ್ತದ ಮೇಲೆ ಬಡ್ಡಿ ನಿಲ್ಲಬೇಕು. ತಡದ ಬೆಲೆ ಸರ್ಕಾರಕ್ಕೂ ತಟ್ಟಿದ ದಿನ ಕಡತ ತಾನಾಗಿ ಕದಲುತ್ತದೆ.

ಜಿಎಸ್‌ಟಿಯ ರಾಶಿ ಇನ್ನೂ ಕೈಗೆಟುಕುವ ಎತ್ತರದಲ್ಲಿದೆ. ಆದಾಯ ತೆರಿಗೆಯದೂ ಒಂದು ಕಾಲಕ್ಕೆ ಹಾಗೆಯೇ ಇತ್ತು.

ಈ ತಿದ್ದುಪಡಿ ಮುಂದಿನ ಬಜೆಟ್ಟಿನಲ್ಲೇ ಬರಲಿ. ಅದರಾಚೆಗೆ ಮುಂದೂಡಿದರೆ ಸಂಸತ್ತಿನ ಮುಂದೆ ಬರುವುದು ತಿದ್ದುಪಡಿಯಲ್ಲ, ಇನ್ನೊಂದು ಮನ್ನಾ ಯೋಜನೆ.